ಮಳೆಯಲ್ಲಿ ನೆನೆದ ಸಬ್‌ಫ್ಲೋರ್ ಹಾಗೇ ಬಿಡಬಹುದಾ?

ಪ್ರಶ್ನೆ: ಅಮೆರಿಕದ ಸಿಯಾಟಲ್ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿದ ಹಲಗೆ) ಸಬ್‌ಫ್ಲೋರ್, ಅಂದರೆ ಫ್ಲೋರಿಂಗ್‌ನ ಕೆಳಗಿನ ಮರದ ನೆಲ, ಹಾಕಿದ ಮೇಲೆ, ಛಾವಣಿ ಬರುವ ಮೊದಲೇ ಮಳೆ ಹಿಡಿಯಿತು. ಬಿಲ್ಡರ್ ‘ಏನೂ ಆಗಲ್ಲ, ಒಣಗುತ್ತೆ’ ಅಂತಾರೆ. ನಂಬಬಹುದಾ?

ಉತ್ತರ: ಅವರು ಹೇಳಿದ್ದು ಅರ್ಧ ಸರಿ. ಓಎಸ್‌ಬಿ, ಪ್ಲೈವುಡ್ ಹಲಗೆಗಳ ಮೇಲೆ ಸಾಮಾನ್ಯವಾಗಿ ‘ಎಕ್ಸ್‌ಪೋಶರ್ 1’ ಎಂಬ ಮುದ್ರೆ ಇರುತ್ತದೆ. ಕೆಲಸ ನಡೆಯುವಾಗ ಬೀಳುವ ಮಳೆಗೆ ಅದರ ಅಂಟು ಬಿಡುವುದಿಲ್ಲ ಎಂದರ್ಥ. ಹಾಗಂತ ತಿಂಗಳುಗಟ್ಟಲೆ ನೆನೆಯುತ್ತಾ ಬಿದ್ದಿರುವಂತಿಲ್ಲ.

ನಮ್ಮೂರಲ್ಲಿ ಆರ್‌ಸಿಸಿ ಸ್ಲ್ಯಾಬ್ ಮೇಲೆ ಪಾತಿ ಕಟ್ಟಿ, ನೀರು ನಿಲ್ಲಿಸಿ ಕ್ಯೂರಿಂಗ್ ಮಾಡುವುದನ್ನು ನೋಡಿ ಬೆಳೆದವರಿಗೆ ನಿಂತ ನೀರು ಕಂಡರೆ ಗಾಬರಿ ಆಗುವುದಿಲ್ಲ. ಮರದ ನೆಲದ ಮೇಲೆ ಮಾತ್ರ ನೀರು ನಿಲ್ಲಲೇಬಾರದು. ಮಳೆ ನಿಂತ ಕೂಡಲೇ ಗುಡಿಸಿ ಹೊರಹಾಕಿಸಿ. ತಗ್ಗಿನಲ್ಲಿ ನಿಲ್ಲುತ್ತಲೇ ಇದ್ದರೆ ಬಿಲ್ಡರ್‌ಗೆ ಹೇಳಿ ಅಲ್ಲೊಂದು ಸಣ್ಣ ತೂತು ಕೊರೆಸಿ, ನೀರು ಕೆಳಗೆ ಇಳಿಯಲಿ. ಸುಮ್ನೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಹಾಳೆಯ ಕೆಳಗೆ ಸೇರಿದ ನೀರಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ.

ಮೊದಲು ಕೆಡುವುದು ಹಲಗೆಯ ಅಂಚು. ಕಾರ್ಖಾನೆಯಿಂದ ಬರುವಾಗ ಓಎಸ್‌ಬಿ ಅಂಚಿಗೆ ನೀರು ತಡೆಯುವ ಬಣ್ಣ ಬಳಿದಿರುತ್ತಾರೆ. ಸೈಟಿನಲ್ಲಿ ಕೊಯ್ದ ಅಂಚಿಗೆ ಅದು ಇರುವುದಿಲ್ಲ, ಅಲ್ಲೇ ನೀರು ಹೀರುತ್ತದೆ. ಪ್ಲೈವುಡ್ ಉಬ್ಬಿದರೂ ಒಣಗಿದ ಮೇಲೆ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಓಎಸ್‌ಬಿ ಅಂಚು ಪೂರ್ತಿ ಇಳಿಯುವುದಿಲ್ಲ, ಒಣಗಿದ ಮೇಲೆ ಉಜ್ಜಿ ಮಟ್ಟ ಮಾಡಬೇಕು. ಹಲಗೆಗಳ ನಡುವೆ 1/8 ಇಂಚು ಸಂದು ಬಿಡುವುದೂ ಈ ಉಬ್ಬುವಿಕೆಗೇ. ಕಾಲಿಟ್ಟರೆ ಮೆತ್ತಗೆ ಕುಸಿಯುವ ಅಥವಾ ಪದರ ಬಿಟ್ಟ ಹಲಗೆಯನ್ನು ಮಾತ್ರ ಬದಲಿಸಲೇಬೇಕು.

ನನಗೆ ನಿಜಕ್ಕೂ ಭಯ ಮಳೆಯದ್ದಲ್ಲ, ಅವಸರದ್ದು. ಛಾವಣಿ ಬಂತು, ಕಿಟಕಿ ಕೂತಿತು, ಮಾರನೇ ದಿನವೇ ಇನ್ಸುಲೇಶನ್ (ಶಾಖ ತಡೆಯುವ ಪದರ), ಡ್ರೈವಾಲ್ (ಗೋಡೆ ಮುಚ್ಚುವ ಜಿಪ್ಸಮ್ ಹಲಗೆ) ಶುರು ಮಾಡುತ್ತಾರೆ. ಮೇಲೆ ಒಣಗಿದಂತೆ ಕಂಡರೂ ಗೋಡೆಯ ಅಡಿಪಟ್ಟಿಯ (ಗೋಡೆಯ ಚೌಕಟ್ಟಿನ ಬುಡದಲ್ಲಿ ಮಲಗಿಸಿದ ಮರದ) ಕೆಳಗೆ ಪಸೆ ಉಳಿದಿರುತ್ತದೆ. ಮುಚ್ಚಿದ ಜಾಗದಲ್ಲಿ ಬೂಷ್ಟು ಬರಲು ಅಷ್ಟು ಸಾಕು.

ಆದ್ದರಿಂದ ‘ಒಣಗಿದೆ’ ಎಂಬ ಬಾಯಿಮಾತು ಬೇಡ, ಮಾಯಿಶ್ಚರ್ ಮೀಟರ್ ಅಳತೆ ಕೇಳಿ. ಹಲವು ಕಡೆ ಚುಚ್ಚಿ ನೋಡಲಿ, ಅಡಿಪಟ್ಟಿಯ ಪಕ್ಕ, ಬಾತ್‌ರೂಮ್, ಮೆಟ್ಟಿಲ ಬುಡ ಬಿಡದೆ. ಗೋಡೆ ಮುಚ್ಚುವ ಮೊದಲು ಕಟ್ಟಿಗೆಯ ತೇವ 19 ಶೇಕಡಾಕ್ಕಿಂತ ಕೆಳಗಿರಬೇಕು. ಮರದ ಫ್ಲೋರಿಂಗ್ ಹಾಕಿಸುವುದಾದರೆ ಸಬ್‌ಫ್ಲೋರ್ ಸುಮಾರು 12ಕ್ಕೆ ಇಳಿಯಲಿ. 3 ಇಂಚು ಅಥವಾ ಅದಕ್ಕಿಂತ ಅಗಲದ ಪಟ್ಟಿಯಾದರೆ ಫ್ಲೋರಿಂಗ್‌ಗೂ ಸಬ್‌ಫ್ಲೋರ್‌ಗೂ ತೇವದ ವ್ಯತ್ಯಾಸ 2 ಶೇಕಡಾ ದಾಟಬಾರದು, ಕಿರಿದಾದರೆ 4. ಇಲ್ಲದಿದ್ದರೆ ಮುಂದೆ ಪಟ್ಟಿಗಳು ಡೊಂಕಾಗಬಹುದು.

ಬೇಗ ಒಣಗಿಸಲು ಫ್ಯಾನ್ ಮತ್ತು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡಿಸಿ. ಹೊಗೆ ಕೊಳವೆ ಇಲ್ಲದ ಪ್ರೊಪೇನ್ ಹೀಟರ್ ಬೇಡ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ, ಅದು ಮತ್ತೆ ಮರಕ್ಕೇ ಸೇರುತ್ತದೆ.