ಗುಬ್ಬಿಗೆ ಗೂಡು ಸಿಕ್ಕರೆ ಸಾಕೇ?

ಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಅಟ್ಟಣಿಗೆ ಏರಿ, ಕವಣೆ ಬೀಸಿ ಗುಬ್ಬಿ ಓಡಿಸುತ್ತಿದ್ದ ಊರುಗಳೇ ಈಗ ಗುಬ್ಬಿಗಾಗಿ ಮರದ ಡಬ್ಬಿ ತೂಗುಹಾಕುತ್ತಿವೆ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನ ಬಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಲ್ಲಿ ಹಳೆಯ ವಾದ ಮತ್ತೆ ಶುರುವಾಗುತ್ತದೆ. ಮೊಬೈಲ್ ಟವರ್ ಕಾರಣವೆಂದು ಒಬ್ಬರು, ಔಷಧ ಸಿಂಪಡಣೆ ಕಾರಣವೆಂದು ಇನ್ನೊಬ್ಬರು, ಗುಬ್ಬಿಯೇನೂ ಕಡಿಮೆಯಾಗಿಲ್ಲವೆಂದು ಮತ್ತೊಬ್ಬರು. ಒಬ್ಬೊಬ್ಬರೂ ತಮ್ಮೂರ ಗುಬ್ಬಿಯನ್ನೇ ಕಣ್ಣಮುಂದಿಟ್ಟುಕೊಂಡು ಮಾತನಾಡುವುದರಿಂದ ವಾದ ಬಗೆಹರಿಯುವುದಿಲ್ಲ.

ಗುಬ್ಬಿ ಮನುಷ್ಯನ ಬೆನ್ನು ಹತ್ತಿದ್ದು ಸಾವಿರಾರು ವರ್ಷಗಳ ಹಿಂದೆ, ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾದಾಗ. ಅದೇ ಜಾತಿಯ ಒಂದು ಉಪಜಾತಿ ಮಾತ್ರ ಇಂದಿಗೂ ಮನುಷ್ಯನ ಹಂಗಿಲ್ಲದೆ ಮಧ್ಯ ಏಷ್ಯಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಭಾರತದ ವಾಯವ್ಯ ಭಾಗಕ್ಕೆ ವಲಸೆ ಬರುತ್ತದೆ. ಉಳಿದವು ಕಾಳಿನ ಜೊತೆಗೇ ನಡೆದು ನಮ್ಮ ಮನೆ ಸೇರಿದವು.

ಆ ಮನೆ ಹೇಗಿತ್ತು ಎಂಬುದನ್ನು ನೋಡದೆ ಮುಂದಿನ ಕಥೆ ತಿಳಿಯದು. ಬಯಲುಸೀಮೆಯ ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆ, ತೊಲೆ, ಅದರ ಮೇಲೆ ಸಾಲಾಗಿ ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ. ಜಂತಿ ಗೋಡೆಯೊಳಗೆ ಸೇರುವ ಕಡೆಯಲ್ಲೆಲ್ಲ ಒಂದು ಸಂದು ಉಳಿಯುತ್ತಿತ್ತು. ಪಡಸಾಲೆಯ ಫೋಟೊಗಳನ್ನು ಮುಂದಕ್ಕೆ ವಾಲಿಸಿ ಕಟ್ಟುತ್ತಿದ್ದುದರಿಂದ ಅವುಗಳ ಹಿಂದೆಯೂ ಜಾಗವಿತ್ತು. ಗುಬ್ಬಿಗೆ ಅಷ್ಟೇ ಸಾಕು. ಹುಲ್ಲುಕಡ್ಡಿ, ನಾರು, ಗರಿ ತುರುಕಿ ಗೂಡು ಮಾಡಿ ನಾಲ್ಕೈದು ಮೊಟ್ಟೆ ಇಟ್ಟರೆ ಎರಡು ವಾರದೊಳಗೆ ಮರಿ. ಮತ್ತೆರಡು ವಾರ ಕಳೆದರೆ ಅವು ಹಾರಿಯೂ ಹೋಗುತ್ತವೆ. ಕಸ ಉದುರುತ್ತದೆಂದು ಗೊಣಗುತ್ತಲೇ ಹೆಂಗಸರು ಅಂಗಳ ಗುಡಿಸುತ್ತಿದ್ದರು, ಗೂಡು ಕೀಳುತ್ತಿರಲಿಲ್ಲ. ಮನೆಯ ಹೊರಗೆ ಕಣವಿತ್ತು. ಹಂತಿ ಕಟ್ಟಿ ಜೋಳ ತುಳಿಸಿ, ಗಾಳಿಗೆ ತೂರಿ ರಾಶಿ ಮಾಡುವ ದಿನಗಳಲ್ಲಿ ಅಲ್ಲಿ ಚೆಲ್ಲಿದ ಕಾಳು ಅವುಗಳ ಪಾಲು.

ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ದಶಕಗಳು ಉರುಳಿ ಹಿನ್ನೀರು ಏರಿದಾಗ ಮುಳುಗಡೆಯ ಹಳ್ಳಿಗಳೂ ಹಳೆ ಬಾಗಲಕೋಟೆಯ ಒಂದು ಭಾಗವೂ ಜಾಗ ಬಿಟ್ಟವು, ನವನಗರ ಎದ್ದಿತು. ಜನ ಸ್ಥಳಾಂತರವಾದರು, ಪರಿಹಾರದ ಲೆಕ್ಕವೂ ಆಯಿತು. ಹೊಸ ಮನೆಗಳಿಗೆ ಸಿಮೆಂಟಿನ ಗೋಡೆ, ಆರ್‌ಸಿಸಿ ಛಾವಣಿ. ಅವುಗಳಲ್ಲಿ ಜಂತಿಯಿಲ್ಲ, ಸಂದಿಲ್ಲ. ಬೆಳಕಿಂಡಿಯ ಜಾಗಕ್ಕೆ ಜಾಲರಿ ಹಾಕಿದ ಕಿಟಕಿ ಬಂತು. ಇಲ್ಲಿ ಯಾರ ತಪ್ಪನ್ನೂ ಹುಡುಕುವಂತಿಲ್ಲ. ಮಳೆಗೆ ಸೋರದ, ಹಾವು ಚೇಳಿನ ಭಯವಿಲ್ಲದ ಮನೆ ಯಾರಿಗೆ ಬೇಡ? ಮುಳುಗಡೆಯ ಮಾತೇ ಇಲ್ಲದ ಸಿಂದಗಿ, ಅಥಣಿ ಕಡೆಯ ಊರುಗಳಲ್ಲೂ ಆದದ್ದು ಇದೇ, ತುಸು ನಿಧಾನವಾಗಿ.

ಅದೇ ಕಾಲದಲ್ಲಿ ಹೊಲವೂ ಬದಲಾಯಿತು. ಘಟಪ್ರಭಾ, ಮಲಪ್ರಭಾ, ಕೃಷ್ಣೆಯ ನೀರು ಹರಿದಲ್ಲಿ ಜೋಳ ಹಿಂದೆ ಸರಿದು ಕಬ್ಬು ನಿಂತಿತು, ವಿಜಯಪುರದ ಕಡೆ ದ್ರಾಕ್ಷಿ ಬಂತು. ರಾಶಿ ಯಂತ್ರದ ಪಾಲಾಗಿ ಕಣ ಮಾಯವಾಯಿತು. ಆದರೆ ಕಾಳಿಗಿಂತ ದೊಡ್ಡ ಕೊರತೆ ಹುಳುವಿನದು ಎಂಬುದು ನನ್ನ ಅನಿಸಿಕೆ. ಬೆಳೆದ ಗುಬ್ಬಿ ಕಾಳು ತಿಂದು ಬದುಕುತ್ತದೆ. ಮರಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುವೇ ಆಗಬೇಕು. ಹಿತ್ತಲಿನ ಅವರೆ ಬಳ್ಳಿ, ಬೇಲಿಯ ಗಿಡಗಂಟಿ ಇದ್ದಲ್ಲಿ ಅದು ಸಿಗುತ್ತಿತ್ತು. ಸಿಮೆಂಟ್ ಹಾಸಿದ ಅಂಗಳದಲ್ಲಿ, ವಾರ ವಾರ ಔಷಧ ಹೊಡೆಯುವ ತೋಟದಲ್ಲಿ ಎಲ್ಲಿಂದ ಬರಬೇಕು?

ಟವರಿನ ವಿಚಾರಕ್ಕೆ ಬಂದರೆ, ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಇದಕ್ಕೆಂದೇ ತಜ್ಞರ ಸಮಿತಿ ರಚಿಸಿತ್ತು. ಗುಬ್ಬಿ ಇಳಿಮುಖವಾಗಲು ಟವರೇ ಕಾರಣವೆಂಬುದು ಇಂದಿಗೂ ಸಾಬೀತಾಗಿಲ್ಲ. ಬ್ರಿಟನ್ನಿನಲ್ಲಿ ಮನೆಮನೆಗೆ ಮೊಬೈಲ್ ಬರುವ ಮೊದಲೇ ಅವು ಕುಸಿಯತೊಡಗಿದ್ದವು. 2020ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದ ಒಟ್ಟಾರೆ ಗುಬ್ಬಿಗಳ ಸಂಖ್ಯೆ ಹೆಚ್ಚು ಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ನಮ್ಮ ದಲಾಲಿ ಅಂಗಡಿಗಳ ಸಾಲಿನಲ್ಲಿ, ಬಸ್ ನಿಲ್ದಾಣದ ತಗಡಿನ ಕೆಳಗೆ ಅವು ಇನ್ನೂ ಜಗಳವಾಡುತ್ತಿರುವುದಕ್ಕೂ ಈ ಮಾತಿಗೂ ತಾಳೆಯಾಗುತ್ತದೆ.

ಈ ಗದ್ದಲದಲ್ಲಿ ಯಾರೂ ಕೇಳದ ಇನ್ನೊಂದು ಹಕ್ಕಿಯಿದೆ: ಹಳದಿ ಕೊರಳಿನ ಗುಬ್ಬಿ. ಬೂದುಗಂದು ಮೈ, ಗಂಡಿನ ಭುಜದ ಮೇಲೆ ಕಂದುಗೆಂಪು ಪಟ್ಟೆ, ಗಂಟಲಲ್ಲಿ ಒಂದು ಹಳದಿ ಬೊಟ್ಟು. ಸಲೀಂ ಅಲಿಯವರನ್ನು ಹುಡುಗನಾಗಿದ್ದಾಗ ಪಕ್ಷಿಲೋಕಕ್ಕೆ ಎಳೆದದ್ದು ಇದೇ ಹಕ್ಕಿ. ಇದು ಮನೆಯೊಳಗೆ ಬಂದು ಜಂತಿಗಾಗಿ ಕಾಡುವುದಿಲ್ಲ. ಬದುವಿನ ಹಳೆಯ ಜಾಲಿ, ಬೇವು, ಮಾವಿನ ಪೊಟರೆಯಲ್ಲಿ ಮರಿ ಮಾಡುತ್ತದೆ. ರಸ್ತೆ ಅಗಲವಾದಾಗ, ಟ್ರ್ಯಾಕ್ಟರ್ ತಿರುಗಿಸಲು ಬದು ಕಿರಿದಾದಾಗ ಮೊದಲು ಬೀಳುವುದು ಪೊಟರೆಯಿರುವ ಆ ಮುದಿ ಮರವೇ. ಸಸಿ ನೆಟ್ಟರೆ ಮರವಾದೀತು. ಪೊಟರೆ ಬೀಳಲು ಅದು ಮುದಿಯಾಗಬೇಕು. ಮಾರ್ಚಿನಲ್ಲಿ ಡಬ್ಬಿ ಹಂಚುವವರು ಊರಿನ ಬದುಗಳಲ್ಲಿ ಅಂಥ ಮರಗಳು ಎಷ್ಟು ಉಳಿದಿವೆ ಎಂದು ಎಣಿಸಿ, ಪಂಚಾಯಿತಿಯ ದಾಖಲೆಯಲ್ಲಿ ಬರೆಸುವ ಕೆಲಸವನ್ನೂ ಸೇರಿಸಿಕೊಳ್ಳಬಹುದು.