ಬೇರಿಂಗ್ ಸವೆದದ್ದು ಕರೆಂಟಿನಲ್ಲಿ ಕಾಣಿಸುವುದು ಹೇಗೆ?

ಪ್ರಶ್ನೆ: ಪವನಯಂತ್ರದ ಜನರೇಟರ್‌ನಲ್ಲಿ ಬೇರಿಂಗ್ ಸವೆಯುವುದು ಯಾಂತ್ರಿಕ ದೋಷವಲ್ಲವೇ? ಅದನ್ನು ವಿದ್ಯುತ್ ಪ್ರವಾಹ ಅಳೆದು ಪತ್ತೆ ಹಚ್ಚುವುದು ಹೇಗೆ ಸಾಧ್ಯ?

ಉತ್ತರ: ಅಲುಗದೆ ನಿಂತ ಸ್ಟೇಟರ್‌ಗೂ ಅದರೊಳಗೆ ತಿರುಗುವ ರೋಟರ್‌ಗೂ ನಡುವೆ ಇರುವ ಗಾಳಿಯ ತೆರಪು ದೊಡ್ಡ ಇಂಡಕ್ಷನ್ ಜನರೇಟರ್‌ನಲ್ಲಿಯೂ ಕೆಲವೇ ಮಿಲಿಮೀಟರ್‌ಗಳಷ್ಟು. ರೋಟರಿನ ದಂಡವನ್ನು ಹೊತ್ತು ತಿರುಗಲು ಬಿಡುವ ಬೇರಿಂಗ್‌ನ ಹೊರಬಳೆಯಲ್ಲಿ ಸಣ್ಣ ಗುಳಿ ಬಿದ್ದಿದ್ದರೆ, ಪ್ರತಿ ಗುಂಡು ಅದರ ಮೇಲೆ ಹಾಯುವಾಗಲೂ ರೋಟರ್ ಕೂದಲೆಳೆಗಿಂತ ಕಡಿಮೆ ಅಲುಗಿದರೂ ಸಾಕು, ತೆರಪು ಹಿಗ್ಗಿ ಕುಗ್ಗಿ, ಅದನ್ನು ದಾಟುವ ಕಾಂತಕ್ಷೇತ್ರ ಏರಿಳಿಯುತ್ತದೆ. ಆ ಏರಿಳಿತವೇ ಸ್ಟೇಟರ್ ಸುರುಳಿಯ ಪ್ರವಾಹದಲ್ಲಿ ಮೂಡುತ್ತದೆ.

ಲೆಕ್ಕ ಹಾಕಿ ನೋಡೋಣ. 50 ಹರ್ಟ್ಜ್ ಜಾಲಕ್ಕೆ ಜೋಡಿಸಿದ ನಾಲ್ಕು ಧ್ರುವಗಳ ಜನರೇಟರ್ ನಿಮಿಷಕ್ಕೆ 1560 ಸುತ್ತು, ಅಂದರೆ ಸೆಕೆಂಡಿಗೆ 26 ಸುತ್ತು ತಿರುಗುತ್ತಿದೆ ಎನ್ನಿ. ಎಂಟು ಗುಂಡುಗಳ ಬೇರಿಂಗ್‌ನಲ್ಲಿ ಹೊರಬಳೆಯ ಗುಳಿಗೆ ಸೆಕೆಂಡಿಗೆ ಸುಮಾರು 83 ಪೆಟ್ಟು ಬೀಳುತ್ತವೆ (ಗುಂಡುಗಳ ಸಂಖ್ಯೆಯನ್ನು ಸುತ್ತಿನ ವೇಗದಿಂದಲೂ 0.4ರಿಂದಲೂ ಗುಣಿಸುವುದು ರೂಢಿಯ ಅಂದಾಜು). ಆಗ ಪ್ರವಾಹದ ಆವರ್ತನಗಳನ್ನು ಬಿಡಿಸಿ ನೋಡಿದರೆ, 50ರ ದೊಡ್ಡ ಶಿಖರದ ಜೊತೆಗೆ, 83ರಿಂದ 50 ಕಳೆದಾಗ ಮತ್ತು ಕೂಡಿದಾಗ ಸಿಗುವ 33 ಮತ್ತು 133 ಹರ್ಟ್ಜ್ ಸುಮಾರಿನಲ್ಲಿ ಪುಟ್ಟ ಶಿಖರಗಳು ಏಳುತ್ತವೆ. ರೋಟರ್ ಕೇಂದ್ರ ತಪ್ಪಿ ತಿರುಗುತ್ತಿದ್ದರೆ ಅವು 50ರಿಂದ 26 ಆಚೀಚೆ, 24 ಮತ್ತು 76ರಲ್ಲಿ ಬರುತ್ತವೆ. ರೋಟರ್ ಸುರುಳಿಗಳಲ್ಲಿ ಅಸಮತೆಯಿದ್ದರೆ 46 ಮತ್ತು 54ರ ಕಡೆ ಕಣ್ಣಿಡಬೇಕು (ಕಾಂತಕ್ಷೇತ್ರದ ವೇಗವಾದ 1500ಕ್ಕಿಂತ ರೋಟರ್ ಶೇಕಡಾ 4 ಮುಂದಿದೆ, ಗುರುತು ಅದರ ಎರಡರಷ್ಟು, ಅಂದರೆ 50ರ ಶೇಕಡಾ 8ರಷ್ಟು ಆಚೀಚೆ ಮೂಡುತ್ತದೆ).

ಕಷ್ಟವಿರುವುದು ಗಾಳಿಯಲ್ಲಿ. ಕಾರ್ಖಾನೆಯ ಮೋಟಾರಿನ ಹಾಗೆ ಪವನಯಂತ್ರ ಒಂದೇ ವೇಗದಲ್ಲಿ ತಿರುಗುವುದಿಲ್ಲ. ವೇಗ ಬದಲಾದಂತೆ ದೋಷದ ಶಿಖರವೂ ಜರುಗಿ, ಕೆಲವು ಸೆಕೆಂಡುಗಳ ದಾಖಲೆಯಲ್ಲಿ ಹರಡಿ ಮಸುಕಾಗುತ್ತದೆ. ವೇಗ 1506ಕ್ಕೆ ಇಳಿದರೆ 54ರಲ್ಲಿದ್ದ ಗುರುತು 50.4ಕ್ಕೆ ಬಂದು ಮುಖ್ಯ ಶಿಖರದ ಮಡಿಲಿನಲ್ಲಿ ಅಡಗುತ್ತದೆ, ಬೇರ್ಪಡಿಸಲು ದಾಖಲೆ ಉದ್ದವಿರಬೇಕು, ಆದರೆ ಅಷ್ಟು ಹೊತ್ತು ವೇಗ ನಿಲ್ಲುವುದಿಲ್ಲ. ಆದ್ದರಿಂದ ಪ್ರವಾಹದೊಂದಿಗೆ ರೋಟರ್ ವೇಗವನ್ನೂ ಅದೇ ಗಳಿಗೆಯಲ್ಲಿ ದಾಖಲಿಸಿ, ಅಳತೆಗಳನ್ನು ಕಾಲದ ಬದಲು ರೋಟರ್ ತಿರುಗಿದ ಕೋನಕ್ಕೆ ಅನುಸಾರವಾಗಿ ಮರುಜೋಡಿಸುತ್ತಾರೆ. ವೇಗದ ದಾಖಲೆಯಿಲ್ಲದ ಕರೆಂಟ್ ದಾಖಲೆಯನ್ನು ನಾನಂತೂ ಅಷ್ಟಾಗಿ ನಂಬುವುದಿಲ್ಲ.

ಇಷ್ಟೆಲ್ಲ ಪಡಿಪಾಟಲು ಏಕೆಂದರೆ, ನಿಯಂತ್ರಣಕ್ಕಾಗಿ ಪ್ರವಾಹ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳು ಯಂತ್ರದಲ್ಲಿ ಮೊದಲೇ ಇರುತ್ತವೆ. ಗೋಪುರದ ತುದಿಗೆ ಹತ್ತಿ ಹೊಸ ಸಂವೇದಕ ಕೂರಿಸಬೇಕಿಲ್ಲ. ಹಾಗೆಂದು ಬೇರಿಂಗ್‌ನ ಎಳೆಯ ಸವೆತದಲ್ಲಿ ಇದು ಕಂಪನ ಮಾಪನಕ್ಕೆ ಸಾಟಿಯಲ್ಲ. ಸುರುಳಿ, ತಿರುಗುವ ರೋಟರಿಗೆ ಕರೆಂಟ್ ಮುಟ್ಟಿಸುವ ಬ್ರಷ್, ಸ್ಲಿಪ್ ರಿಂಗ್‌ಗಳ ದೋಷದಲ್ಲಿ ಇದರ ಮಾತಿಗೆ ಹೆಚ್ಚು ತೂಕ. ಎರಡೂ ಬಗೆಯ ದೋಷಗಳಲ್ಲಿ ಇಂದಿನ ಶಿಖರವನ್ನು, ಯಂತ್ರ ಸುಸ್ಥಿತಿಯಲ್ಲಿದ್ದಾಗ ಅಷ್ಟೇ ಹೊರೆ ಮತ್ತು ವೇಗದಲ್ಲಿ ತೆಗೆದಿಟ್ಟ ದಾಖಲೆಯೊಂದಿಗೆ ಮಾತ್ರ ಹೋಲಿಸಬೇಕು.