ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ: ಕಾನೂನು ನಡೆದುಬಂದ ದಾರಿ

ವೈದ್ಯರ ಮೇಲೆ ಗ್ರಾಹಕ ದೂರು ಕೊಡಬಹುದೇ ಎಂಬ ತಕರಾರು 1995ರ ನವೆಂಬರ್ 13ರಂದು ಮುಗಿಯಿತು. ಹಣ ಪಡೆದು ಕೊಡುವ ಚಿಕಿತ್ಸೆ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ ಎಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಹೊರಗುಳಿಯಿತು. ಕೆಲವರಿಂದ ಶುಲ್ಕ ಪಡೆಯುವ ಕಡೆ, ಉಚಿತವಾಗಿ ಚಿಕಿತ್ಸೆ ಪಡೆದ ಬಡ ರೋಗಿಗೂ ದೂರಿನ ಹಕ್ಕು ಸಿಕ್ಕಿತು.

ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರಕ್ಕೆ ಬೆಲೆ ಬಂದದ್ದು ಇಂಥ ತೀರ್ಪುಗಳಿಂದಲೇ. ಪರೀಕ್ಷೆಗೆಂದು ಮಾಡುವ ಲ್ಯಾಪರೋಸ್ಕೋಪಿಗೆ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದಕ್ಕೆ) ಸಹಿ ಹಾಕಿದ್ದ ಮಹಿಳೆಯ ಗರ್ಭಕೋಶವನ್ನು, ಆಕೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ತಪ್ಪು ಎಂದು 2008ರಲ್ಲಿ ಕೋರ್ಟ್ ಹೇಳಿತು. ಜೀವಕ್ಕೆ ತುರ್ತು ಅಪಾಯವಿಲ್ಲದಿದ್ದರೆ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲದು. ಇನ್ನೊಂದು ಕಡೆ, ಮುಂದೆ ಕೇಸು ಬಂದೀತೆಂಬ ಭಯಕ್ಕೆ ಬರೆಯುವ ಸ್ಕ್ಯಾನು, ರಕ್ತಪರೀಕ್ಷೆಗಳ ಖರ್ಚು ರೋಗಿಯ ಮೇಲೇ ಬೀಳುತ್ತದೆ.

ಕ್ರಿಮಿನಲ್ ಕೇಸಿಗೆ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಕಡಿವಾಣ ಹಾಕಿತು. ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು. ತನಿಖಾಧಿಕಾರಿ ಮೊದಲು ಸಾಧ್ಯವಾದಷ್ಟೂ ಸರ್ಕಾರಿ ವೈದ್ಯರಿಂದ ಸ್ವತಂತ್ರ ಅಭಿಪ್ರಾಯ ಪಡೆಯಬೇಕು. ಇದು ಸರಿಯಾದ ನಡೆ. ಆದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ವೈದ್ಯರಿಗೆ ದೊಡ್ಡ ರಿಯಾಯಿತಿ ಕೊಟ್ಟಿತೆಂಬ ಮಾತು ಅರ್ಧ ಸತ್ಯ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಅದರ 106ನೇ ಕಲಂನಲ್ಲಿ ಇತರರಿಗೆ 5 ವರ್ಷದವರೆಗೆ ಜೈಲು, ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಂನಲ್ಲೂ ಗರಿಷ್ಠ 2 ವರ್ಷವೇ ಇತ್ತು. ಅಲ್ಲಿ ಬರೀ ದಂಡ ಹಾಕಿ ಬಿಡಲು ಅವಕಾಶವಿತ್ತು, ಈಗ ಜೈಲಿನ ಜೊತೆಗೇ ದಂಡ.

ರೋಗಿಗೆ ನಿಜವಾಗಿ ಅನುಕೂಲವಾದದ್ದು 2019ರ ಹೊಸ ಗ್ರಾಹಕ ಕಾಯ್ದೆಯ ಒಂದು ಬದಲಾವಣೆ. ಮೊದಲು ಕೇಳುವ ಪರಿಹಾರವನ್ನೂ ಸೇರಿಸಿ, ದೂರು ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಯಾವ ಗ್ರಾಹಕ ವೇದಿಕೆಗೆ ಹೋಗಬೇಕೆಂದು ನಿರ್ಧರಿಸುತ್ತಿದ್ದರು. ಈಗ ಚಿಕಿತ್ಸೆಗೆ ಕೊಟ್ಟ ಹಣವಷ್ಟೇ ಲೆಕ್ಕ. 3 ಲಕ್ಷ ಬಿಲ್ ಕಟ್ಟಿ 1 ಕೋಟಿ ಪರಿಹಾರ ಕೇಳುವವರೂ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಅದರ 50 ಲಕ್ಷದ ಮಿತಿ ಕೊಟ್ಟ ಹಣಕ್ಕೆ, ಕೇಳುವ ಪರಿಹಾರಕ್ಕಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಇಷ್ಟಾದರೂ ಕೇಸುಗಳು ಸೋಲುವುದು ದಾಖಲೆ ಮತ್ತು ತಜ್ಞರ ಅಭಿಪ್ರಾಯ ಇಲ್ಲದೆ. ಕೇಸ್‌ಶೀಟ್ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ನಡತೆಯ 2002ರ ನಿಯಮ. ಕೊಡದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರಬಹುದು. ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಲ್ಲದು, ಪರಿಹಾರ ಕೊಡಿಸಲಾರದು. ಪರಿಹಾರಕ್ಕೆ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, ದೂರಿಗೆ ಕಾರಣ ಉಂಟಾದ 2 ವರ್ಷದೊಳಗೆ ಹೋಗಬೇಕು.